ಕೆಟ್ಟದ್ದು ಬಣ್ಣವಲ್ಲ, ಸಾಲದ್ದು ಗಾಳಿ!

ಬೋರ್ಡೋ ಬಿಡುವ ಮನೆಗಳಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಮೈಲುತುತ್ತಿನ ನೀರು ಬಿದ್ದಲ್ಲೆಲ್ಲ ತುಕ್ಕು. ನನ್ನ ಟಿಲ್ಲರಿನ ಬಾನೆಟ್, ಮಡ್‌ಗಾರ್ಡ್, ಟ್ರೈಲರಿನ ಬದಿ ತಗಡು ಇನ್ನೊಂದು ಮಳೆಗಾಲ ತಡೆಯುವ ಹಾಗಿರಲಿಲ್ಲ. ಪೇಟೆಯಲ್ಲಿ ಬಣ್ಣ ಹೊಡೆಸಲು ಹೇಳಿದ ಮಜೂರಿ ಕೇಳಿ ಸುಮ್ಮನೆ ಮನೆಗೆ ಬಂದೆ. ಟಯರಿಗೆ ಗಾಳಿ ಹಾಕಲೆಂದು ಸೆಕೆಂಡ್‌ಹ್ಯಾಂಡಿನಲ್ಲಿ ತಂದ 1 ಎಚ್‌ಪಿ ಕಂಪ್ರೆಸರ್ ಮನೆಯಲ್ಲೇ ಇತ್ತು. ಕಾರಿಗೆ ಬಣ್ಣ ಹೊಡೆಯುವ, ಕೆಳಗೆ ಕಪ್ ಇರುವ ಸ್ಪ್ರೇ ಗನ್ನೊಂದನ್ನು ತಂದು ಕೆಲಸಕ್ಕೆ ಇಳಿದೆ.

ಮೂರು ದಿನ ತುಕ್ಕು ಉಜ್ಜಿ, ಪ್ರೈಮರ್ ಹೊಡೆದು ಬಣ್ಣ ಸುರು ಮಾಡಿದರೆ ಮೊದಲ ಒಂದೆರಡು ಅಡಿ ಚೆಂದ. ಮತ್ತೆ ಕಿತ್ತಳೆ ಸಿಪ್ಪೆಯ ಹಾಗೆ ದೊರಗು. ನಡುನಡುವೆ ಗನ್ ಉಗುಳಿತು. ತಿನ್ನರ್ ಹೆಚ್ಚು ಮಾಡಿದೆ, ಬಣ್ಣ ಸೋರಿ ಇಳಿಯಿತು. ಮರುದಿನ ನೋಡಿದರೆ ಅಲ್ಲಲ್ಲಿ ಗುಳ್ಳೆ. ಅಂಗಡಿಯವರನ್ನು ಬೈದು ಬೇರೆ ತಿನ್ನರ್ ತಂದೆ. ಫಲ ಅದೇ. ಎಲ್ಲವನ್ನೂ ಪುನಃ ಉಜ್ಜಬೇಕಾಯಿತು.

ಕೊನೆಗೆ ಗ್ಯಾರೇಜಿನಲ್ಲಿ ಬಣ್ಣದ ಕೆಲಸ ಮಾಡಿ ಪಳಗಿದ ನೆರೆಕರೆಯ ಹಿರಿಯರೊಬ್ಬರನ್ನು ಕರೆದೆ. ಅವರು ಗನ್ ಮುಟ್ಟಲೇ ಇಲ್ಲ. "ಅಣ್ಣಾ, ಬಣ್ಣವನ್ನು ಬೈಯುವುದು ಬಿಡಿ. ಗಾಳಿ ಎಷ್ಟು ಬರ್ತದೆ ನೋಡಿದ್ದೀರಾ?" ಎಂದರು.

"ಗೇಜಿನಲ್ಲಿ 50 ಪೌಂಡ್ ಉಂಟಲ್ಲ!"

"ಅದು ಟ್ರಿಗರ್ ಒತ್ತದಿರುವಾಗ. ಒತ್ತಿ ಹಿಡಿದು ನೋಡಿ."

ಒತ್ತಿದೆ. ಗನ್ನಿನ ಬುಡಕ್ಕೆ ಅವರು ಸಿಕ್ಕಿಸಿದ ಸಣ್ಣ ಗೇಜಿನಲ್ಲಿ ಮುಳ್ಳು 30ರ ಹತ್ತಿರ ಬಂದು ನಿಂತಿತು. ಅವತ್ತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಒತ್ತಡ ಬೇರೆ, ಪ್ರಮಾಣ ಬೇರೆ

ಸ್ಪ್ರಿಂಕ್ಲರ್ ಇರುವವರಿಗೆ ಇದು ಬೇಗ ಅರ್ಥವಾದೀತು. ಗೇಟ್‌ವಾಲ್ವ್ ಮುಚ್ಚಿದಾಗ ಗೇಜು ಮೇಲೆ ನಿಲ್ಲುತ್ತದೆ. ಜೆಟ್‌ಗಳನ್ನೆಲ್ಲ ಬಿಟ್ಟಾಗ ಪಂಪಿನ ನಿಜವಾದ ತಾಕತ್ತು ಗೊತ್ತಾಗುತ್ತದೆ. ಗಾಳಿಯೂ ಹಾಗೆಯೇ. ಒತ್ತಡವನ್ನು ಪೌಂಡಿನಲ್ಲಿ (ಪಿಎಸ್‌ಐ) ಅಳೆಯುತ್ತಾರೆ, ಪ್ರಮಾಣವನ್ನು ನಿಮಿಷಕ್ಕೆ ಇಷ್ಟು ಘನ ಅಡಿ (ಸಿಎಫ್‌ಎಂ) ಎಂದು. ಒಂದು ಘನ ಅಡಿ ಎಂದರೆ ಸುಮಾರು 28 ಲೀಟರ್. ನನ್ನಂಥ ಗನ್ನಿಗೆ 40-50 ಪೌಂಡ್ ಒತ್ತಡದಲ್ಲಿ ನಿಮಿಷಕ್ಕೆ 8 ಘನ ಅಡಿ, ಕೆಲವಕ್ಕೆ ಇನ್ನೂ ಹೆಚ್ಚು ಗಾಳಿ ಬೇಕು.

ಕಂಪ್ರೆಸರ್ ಎಷ್ಟು ಕೊಡುತ್ತದೆ ಎಂದು ಮನೆಯಲ್ಲೇ ಅಳೆಯಬಹುದು. ನನ್ನ ಟ್ಯಾಂಕ್ 100 ಲೀಟರಿನದ್ದು. ಗೇಜು 2 ಕೆಜಿಯಿಂದ 6 ಕೆಜಿಗೆ ಏರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿದೆ. 4 ಕೆಜಿ ಏರಿತೆಂದರೆ ಸುಮಾರು 400 ಲೀಟರ್ ಹೊರಗಿನ ಗಾಳಿ ಒಳಗೆ ಹೋಯಿತು ಎಂದು ಲೆಕ್ಕ. ಹಿಡಿದದ್ದು 5 ನಿಮಿಷ. ನಿಮಿಷಕ್ಕೆ 80 ಲೀಟರ್, ಅಂದರೆ 3 ಘನ ಅಡಿಗೂ ಕಡಿಮೆ! ಬೇಕಾದದ್ದು 8, ಇದ್ದದ್ದು 3. ಬಣ್ಣ ಏನು ಮಾಡೀತು?

ಹುಡುಕುವುದು ಟ್ಯಾಂಕಿನ ಕಡೆಯಿಂದ

ಗನ್ನನ್ನು ಮೊದಲು ಬಿಚ್ಚಬೇಡಿ. ಗಾಳಿ ಬರುವ ದಾರಿಯಲ್ಲೇ ಹಿಂದಿನಿಂದ ಹುಡುಕುತ್ತಾ ಬನ್ನಿ. ಏನೇ ಬಿಚ್ಚುವ ಮೊದಲು ಕರೆಂಟು ತೆಗೆದು, ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಡಿ.

1. ಗಾಳಿ ಎಳೆಯುವ ಫಿಲ್ಟರ್: ನನ್ನದರಲ್ಲಿ ಧೂಳು ಕಟ್ಟಿ ಮುದ್ದೆಯಾಗಿತ್ತು.

2. ಬೆಲ್ಟ್: ನಡುವೆ ಬೆರಳಿನಲ್ಲಿ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಿದರೆ ಸರಿ. ಸಡಿಲ ಇದ್ದರೆ ಜಾರುತ್ತದೆ.

3. ಹೆಡ್ಡಿನ ವಾಲ್ವ್ ತಗಡು: ಕರಿ ಕಟ್ಟಿದರೆ ಗಾಳಿ ಹಿಂದಕ್ಕೆ ಹೋಗುತ್ತದೆ. ಬಿಚ್ಚಿ ಅಭ್ಯಾಸ ಇಲ್ಲದವರು ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದು ಒಳ್ಳೆಯದು.

4. ಸೋರಿಕೆ: ಟ್ಯಾಂಕ್ ತುಂಬಿಸಿ, ಕಂಪ್ರೆಸರ್ ನಿಲ್ಲಿಸಿ, ಜಾಯಿಂಟುಗಳಿಗೆಲ್ಲ ಸಾಬೂನು ನೊರೆ ಹಚ್ಚಿ. ಗುಳ್ಳೆ ಬಂದಲ್ಲಿ ಸೋರುತ್ತಿದೆ. ಯಂತ್ರ ನಿಂತ ಮೇಲೂ ಪ್ರೆಶರ್ ಸ್ವಿಚ್ಚಿನ ಬುಡದಲ್ಲಿ ಸುಸ್ಸೆಂದು ಗಾಳಿ ಹೋಗುತ್ತಲೇ ಇದ್ದರೆ ಹೆಚ್ಚಾಗಿ ಟ್ಯಾಂಕಿನ ಚೆಕ್‌ವಾಲ್ವ್ ಹಿಡಿಯುವುದಿಲ್ಲ ಎಂದರ್ಥ.

ಇಷ್ಟು ಸರಿ ಮಾಡಿದ ಮೇಲೆ ಟ್ಯಾಂಕ್ ತುಂಬಲು 3 ನಿಮಿಷ 50 ಸೆಕೆಂಡ್ ಸಾಕಾಯಿತು. ನಿಮಿಷಕ್ಕೆ 104 ಲೀಟರ್ ಆಯಿತು.

5. ಹೋಸ್: ನನ್ನದು ಕಾಲು ಇಂಚಿನದ್ದು, 15 ಮೀಟರ್ ಉದ್ದ. ಇಷ್ಟು ಸಪೂರದ ಹೋಸಿನಲ್ಲಿ ಒತ್ತಡ ಬಹಳ ಸಾಯುತ್ತದೆ. ಒಳತೂತು 8 ಮಿಲಿಮೀಟರ್ ಇರುವ, 8 ಮೀಟರ್ ಉದ್ದದ್ದು ಹಾಕಿದೆ. ತಕ್ಷಣ ಜೋಡಿಸುವ ಕಪ್ಲಿಂಗಿನ ತೂತು ಸಣ್ಣದಾದರೆ ಅಲ್ಲಿಯೂ ತಡೆ. ಈಗ ರೆಗ್ಯುಲೇಟರಿನಲ್ಲಿ 50 ಇಟ್ಟರೆ ಟ್ರಿಗರ್ ಒತ್ತಿದಾಗ ಗನ್ ಬುಡದಲ್ಲಿ 42 ಸಿಗುತ್ತದೆ.

ಗುಳ್ಳೆಗೆ ಕಾರಣ ನೀರು

ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಅಂಶ ಹೆಚ್ಚು. ಅದನ್ನು ಒತ್ತಿ ತುಂಬಿಸಿ, ತಣ್ಣಗಾದಾಗ ನೀರು ಇಳಿಯುತ್ತದೆ. ನಾನು ಟ್ಯಾಂಕಿನ ಅಡಿಯ ನಲ್ಲಿ ಬಿಡದೆ ಎಷ್ಟು ತಿಂಗಳಾಗಿತ್ತೋ! ಬಿಟ್ಟಾಗ ತುಕ್ಕು ಬೆರೆತ ಕೆಂಪು ನೀರು ಚೊಂಬುಗಟ್ಟಲೆ ಬಂತು. ಈ ನೀರು ಟ್ಯಾಂಕನ್ನೂ ಒಳಗಿನಿಂದ ತಿನ್ನುತ್ತದೆ. ತಗಡು ತೆಳುವಾದ ಟ್ಯಾಂಕ್ ಒಡೆದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕೆಲಸ ಮುಗಿದ ದಿನವೇ ನೀರು ಬಿಡಿ. ಸೇಫ್ಟಿ ವಾಲ್ವನ್ನು ಆಗಾಗ ಎಳೆದು ಪರೀಕ್ಷಿಸಿ.

ನೀರು ಹಿಡಿಯುವ ಫಿಲ್ಟರನ್ನು ಟ್ಯಾಂಕಿನ ಬಾಯಿಗೇ ಹಾಕಿದರೆ ಪ್ರಯೋಜನ ಕಡಿಮೆ. ಅಲ್ಲಿ ಗಾಳಿ ಇನ್ನೂ ಬಿಸಿ ಇರುತ್ತದೆ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಏಳೆಂಟು ಮೀಟರ್ ಪೈಪ್ ಓಡಿಸಿ, ತಣ್ಣಗಾದ ಮೇಲೆ ಹಾಕಬೇಕು. ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿ ಬಿದ್ದರೆ ಎಣ್ಣೆ ಸೇರಿದೆ ಎಂದು ಸಂಶಯಪಡಿ. ತಗಡಿನಲ್ಲೇ ಗ್ರೀಸ್ ಉಳಿದಿರಬಹುದು, ಇಲ್ಲವೇ ಪಿಸ್ಟನ್ ರಿಂಗ್ ಸವೆದು ಗಾಳಿಯೊಂದಿಗೆ ಎಣ್ಣೆ ಬರುತ್ತಿರಬಹುದು. ಬಿಳಿ ಬಟ್ಟೆಗೆ ಗಾಳಿ ಬಿಟ್ಟು ನೋಡಿದರೆ ತಿಳಿಯುತ್ತದೆ.

ಕಡೆಗೆ ಗನ್

ಗಾಳಿ ಸರಿಯಾದ ಮೇಲೂ ತೊಂದರೆ ಇದ್ದರೆ ಮಾತ್ರ ಗನ್ ನೋಡಿ.

ಉಗುಳಿದರೆ: ಬಣ್ಣದ ದಾರಿಗೆ ಗಾಳಿ ಸೇರುತ್ತಿದೆ. ಬಣ್ಣದ ನಾಜಲ್ ಸಡಿಲವೋ, ಸೂಜಿಯ ಪ್ಯಾಕಿಂಗ್ ಒಣಗಿದೆಯೋ, ಕಪ್ಪಿನಲ್ಲಿ ಬಣ್ಣ ಮುಗಿಯುತ್ತಾ ಬಂತೋ ನೋಡಿ. ಕಪ್ಪಿನ ಮುಚ್ಚಳದ ಸಣ್ಣ ತೂತು ಕಟ್ಟಿದರೂ ಬಣ್ಣ ಸರಿಯಾಗಿ ಬರುವುದಿಲ್ಲ.

ಬಣ್ಣ ಬಾಳೆಕಾಯಿಯಂತೆ ಬಾಗಿ ಬಿದ್ದರೆ: ಮುಂದಿನ ಗಾಳಿ ಟೋಪಿಯನ್ನು ಅರ್ಧ ಸುತ್ತು ತಿರುಗಿಸಿ. ಬಾಗು ಆಚೆ ಬದಿಗೆ ಹೋದರೆ ಟೋಪಿಯ ತೂತು ಕಟ್ಟಿದೆ. ಹೋಗದಿದ್ದರೆ ಬಣ್ಣದ ನಾಜಲಿನಲ್ಲಿ ಕಸ.

ನಡುವೆ ತೆಳು, ಎರಡೂ ತುದಿ ದಪ್ಪವಾದರೆ: ಗಾಳಿ ಹೆಚ್ಚಾಯಿತು. ನಡುವೆ ಮಾತ್ರ ದಪ್ಪವಾದರೆ ಗಾಳಿ ಸಾಲದು, ಇಲ್ಲವೇ ಬಣ್ಣ ಮಂದ.

ಟ್ರಿಗರ್ ಬಿಟ್ಟರೂ ಗಾಳಿ ನಿಲ್ಲದಿದ್ದರೆ: ಗನ್ನಿನ ಗಾಳಿ ವಾಲ್ವಿನಲ್ಲಿ ಕಸ, ಇಲ್ಲವೇ ವಾಲ್ವ್ ಅಂಟಿಕೊಂಡಿದೆ.

ತೂತು ಬಿಡಿಸಲು ತಂತಿ, ಸೂಜಿ ಹಾಕಬೇಡಿ. ತೂತು ಅಗಲವಾದರೆ ಟೋಪಿ ಕೆಟ್ಟ ಹಾಗೆಯೇ. ತಿನ್ನರಿನಲ್ಲಿ ನೆನೆಸಿ, ಹಿಡಿಸೂಡಿ ಕಡ್ಡಿಯ ತುದಿಯಲ್ಲಿ ಬಿಡಿಸಿ. ಇಡೀ ಗನ್ನನ್ನು ತಿನ್ನರಿಗೆ ಮುಳುಗಿಸಿದರೆ ಪ್ಯಾಕಿಂಗ್ ಹಾಳು.

1 ಎಚ್‌ಪಿಯಲ್ಲಿ ಸಾಧ್ಯವೇ?

ಇಡೀ ಜೀಪಿಗೆ ಒಂದೇ ಹಿಡಿತದಲ್ಲಿ ಹೊಡೆಯಲು ಆಗದು. ಬಿಡಿಭಾಗಕ್ಕೆ ಆಗುತ್ತದೆ. ಗನ್ನಿಗೆ ನಿಮಿಷಕ್ಕೆ ಸುಮಾರು 226 ಲೀಟರ್ ಬೇಕು, ಯಂತ್ರ 104 ಕೊಡುತ್ತದೆ. ಉಳಿದ 122 ಟ್ಯಾಂಕಿನಿಂದ ಹೋಗಬೇಕು. ಟ್ಯಾಂಕ್ 6 ಕೆಜಿಯಿಂದ 3 ಕೆಜಿಗೆ ಇಳಿಯುವಾಗ 300 ಲೀಟರ್ ಸಿಗುತ್ತದೆ. ಅಂದರೆ ಎರಡೂವರೆ ನಿಮಿಷದ ಕೆಲಸ, ಮತ್ತೆ ತುಂಬಲು 3 ನಿಮಿಷ ಕಾಯುವುದು. ಬಾನೆಟ್, ಮಡ್‌ಗಾರ್ಡುಗಳನ್ನು ಬಿಚ್ಚಿ ಒಂದೊಂದಾಗಿ ಹೊಡೆದೆ. ಒಂದು ಭಾಗ ಮುಗಿದ ಮೇಲೆ ಮೋಟಾರಿಗೂ ತಣಿಯಲು ಬಿಟ್ಟೆ. ಗಡಿಬಿಡಿ ಇಲ್ಲದವರಿಗೆ ಇಷ್ಟು ಸಾಕು.

ಇನ್ನೊಂದು ಮಾತು. ಬಯಲಿನಲ್ಲಿ, ಒಲೆ-ಬೀಡಿಯಿಂದ ದೂರ ಹೊಡೆಯಿರಿ. ಆವಿ ತಡೆಯುವ ಮಾಸ್ಕ್ ಬೇಕು, ಬೈರಾಸು ಸುತ್ತಿದರೆ ಸಾಲದು. ಗಟ್ಟಿಗೊಳಿಸುವ ಹಾರ್ಡ್‌ನರ್ ಬೆರೆಸುವ ಬಣ್ಣಗಳ ಆವಿ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಅಂಥವನ್ನು ನಾನು ಮನೆಯಲ್ಲಿ ಮುಟ್ಟುವುದೇ ಇಲ್ಲ.

ಟಿಲ್ಲರ್ ಈಗ ಕೆಂಪಗೆ ನಿಂತಿದೆ. ಹತ್ತಿರ ಹೋಗಿ ನೋಡಿದರೆ ಒಂದೆರಡು ಕಡೆ ಕಿತ್ತಳೆ ಸಿಪ್ಪೆ ಕಂಡೀತು. ಅದು ನಾನು ಬಣ್ಣವನ್ನು ಬೈಯುತ್ತಿದ್ದ ದಿನಗಳದ್ದು. ನಿಮ್ಮ ಅನುಭವ ಬೇರೆ ಇದ್ದರೆ ಬರೆಯಿರಿ, ನಮಗೂ ತಿಳಿಯಲಿ.