ಹೊಗೆಗೆ ಗಡಿಯಿಲ್ಲ

ಮಕ್ಕಳೇ, ಆದೋನಿಯ ಹತ್ತಿ ಮಾರುಕಟ್ಟೆಯನ್ನು ನೀವು ನೋಡಿರಬಹುದು. ಹಿಂದೆ ರೈತರು ಎತ್ತಿನ ಗಾಡಿಗಳಲ್ಲಿ ಹತ್ತಿ ತರುತ್ತಿದ್ದರು. ಈಗ ಟ್ರ್ಯಾಕ್ಟರು, ಲಾರಿ, ಆಟೋಗಳಲ್ಲಿ ತರುತ್ತಾರೆ. ವಾಹನಗಳಿಂದ ಶ್ರಮವೂ ಸಮಯವೂ ಉಳಿದಿವೆ. ಆದರೆ ಅವು ಬಿಡುವ ಹೊಗೆಯನ್ನು ಗಮನಿಸಿದ್ದೀರಾ?

ಈ ಹೊಗೆಯಿಂದ ಎರಡು ಬಗೆಯ ಕೆಡುಕುಗಳಿವೆ. ಅದರಲ್ಲಿನ ಮಸಿಯು ಶ್ವಾಸಕೋಶವನ್ನು ಸೇರಿ ಕೆಮ್ಮು, ದಮ್ಮು ತರುತ್ತದೆ. ಇದು ಮೊದಲನೆಯದು. ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ಎರಡನೆಯದು. ಅದು ವಾತಾವರಣದಲ್ಲಿ ಬಹುಕಾಲ ಉಳಿದು ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಭೂಮಿ ಬಿಸಿಯಾದಂತೆ ಮಳೆಯ ಕ್ರಮ ತಪ್ಪುತ್ತದೆ. ಮಳೆ ತಪ್ಪಿದರೆ ಆಲೂರು, ಆಸ್ಪರಿ, ಪತ್ತಿಕೊಂಡ ಕಡೆಯ ಬೆಳೆ ಒಣಗುತ್ತದೆ. ಆಗ ಅನೇಕ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ತರಗತಿಯಲ್ಲಿ ಕೆಲವರ ಜಾಗ ಖಾಲಿಯಾಗುತ್ತದೆ.

ಹಾಗಾದರೆ ಹೊಗೆಯನ್ನು ಯಾರು ಕಡಿಮೆ ಮಾಡಬೇಕು? ಇಂಗ್ಲೆಂಡ್, ಅಮೆರಿಕದಂಥ ದೇಶಗಳು ನೂರಾರು ವರ್ಷ ಕಲ್ಲಿದ್ದಲು, ಎಣ್ಣೆ ಉರಿಸಿ ಶ್ರೀಮಂತವಾದವು. ಆದ್ದರಿಂದ 1997ರಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಆದ ಒಪ್ಪಂದವು ಮುಂದುವರಿದ ದೇಶಗಳಿಗೆ ಮಾತ್ರ ಮಿತಿ ಹಾಕಿತು. ಚೀನಾ, ಭಾರತಗಳಿಗೂ ಮಿತಿ ಇರಬೇಕೆಂದು ಹೇಳಿ ಅಮೆರಿಕ 2001ರಲ್ಲಿ ಹಿಂದೆ ಸರಿಯಿತು. ನಮ್ಮಲ್ಲಿ ಒಬ್ಬೊಬ್ಬರ ಪಾಲಿನ ಹೊಗೆ ಬಹಳ ಕಡಿಮೆ ಎಂದು ಭಾರತ ವಾದಿಸಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ಎಲ್ಲ ದೇಶಗಳೂ ತಮ್ಮ ತಮ್ಮ ಗುರಿ ಇಟ್ಟುಕೊಳ್ಳಲು ಒಪ್ಪಿದವು.

ನಮಗೆ ಕಾರ್ಖಾನೆಗಳೂ ಬೇಕು. 2019ರಲ್ಲಿ ಪೆನುಕೊಂಡದ ಬಳಿ ದಕ್ಷಿಣ ಕೊರಿಯಾದ ಕಿಯಾ ಕಂಪನಿಯ ಕಾರು ಕಾರ್ಖಾನೆ ಆರಂಭವಾಯಿತು. ವರ್ಷಕ್ಕೆ 3 ಲಕ್ಷ ಕಾರು ತಯಾರಿಸುವ ಶಕ್ತಿ ಅದಕ್ಕಿತ್ತು. ಅಲ್ಲಿ ಸಾವಿರಾರು ಜನರಿಗೆ ಕೆಲಸ ಸಿಕ್ಕಿತು. ಕೆಲಸವೂ ಬೇಕು, ಶುದ್ಧ ಗಾಳಿಯೂ ಬೇಕು. ಅದಕ್ಕಾಗಿಯೇ ಸರಕಾರ ವಾಹನಗಳ ಹೊಗೆಗೆ 'ಭಾರತ್ ಸ್ಟೇಜ್' ಎಂಬ ನಿಯಮಗಳನ್ನು ಮಾಡಿದೆ. ನಾಲ್ಕನೆಯ ಹಂತದ ನಿಯಮ ಹೈದರಾಬಾದಿನಂಥ ದೊಡ್ಡ ನಗರಗಳಿಗೆ 2010ರಲ್ಲೇ ಬಂದಿತು. ದೇಶದ ಎಲ್ಲ ಊರುಗಳಿಗೆ ತಲುಪಿದ್ದು 2017ರಲ್ಲಿ. ಚಿಕ್ಕ ಊರಿನವರ ಶ್ವಾಸಕೋಶ ಬೇರೆಯೇ? ಮುಂದೆ ಐದನೆಯ ಹಂತವನ್ನು ಬಿಟ್ಟು, 2020ರ ಏಪ್ರಿಲ್ 1ರಿಂದ ಆರನೆಯ ಹಂತವನ್ನು ಇಡೀ ದೇಶಕ್ಕೆ ಒಮ್ಮೆಲೇ ತಂದರು. ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 50ರಿಂದ 10 ಭಾಗಕ್ಕೆ ಇಳಿಯಿತು.

ಆದರೆ ಹಳೆಯ ವಾಹನಗಳು ಇನ್ನೂ ರಸ್ತೆಯಲ್ಲಿವೆ. ಅವುಗಳ ಎಂಜಿನನ್ನು ಸುಸ್ಥಿತಿಯಲ್ಲಿಡಬೇಕು, ಹೊಗೆ ತಪಾಸಣೆ ಮಾಡಿಸಬೇಕು. ಹತ್ತಿರದ ದಾರಿಗೆ ಸೈಕಲ್, ದೂರದ ದಾರಿಗೆ ಬಸ್ಸು ಬಳಸಬಹುದು. ದೇಶಗಳ ನಡುವೆ ಗಡಿಗಳುಂಟು, ಗಾಳಿಗೆ ಗಡಿಯಿಲ್ಲ. ಆದೋನಿಯ ಹೊಗೆಯೂ ಅಮೆರಿಕದ ಹೊಗೆಯೂ ಸೇರುವುದು ಒಂದೇ ಆಕಾಶವನ್ನು.

ಪದಗಳ ಅರ್ಥ
ಗುಳೆ - ಕೆಲಸ ಹುಡುಕಿಕೊಂಡು ಊರು ಬಿಟ್ಟು ಹೋಗುವುದು
ಇಂಧನ - ಉರಿಸುವ ವಸ್ತು

ಪ್ರಶ್ನೆಗಳು
1. ಹೊಗೆಯ ಎರಡು ಕೆಡುಕುಗಳು ಯಾವುವು?
2. ಕ್ಯೋಟೋ ಮತ್ತು ಪ್ಯಾರಿಸ್ ಒಪ್ಪಂದಗಳಿಗೆ ಇರುವ ವ್ಯತ್ಯಾಸವೇನು?
3. ಹೊಗೆ ಕಡಿಮೆ ಮಾಡುವ ಹೊಣೆ ಯಾರದು ಹೆಚ್ಚು? ನಿಮ್ಮ ಅಭಿಪ್ರಾಯ ಬರೆಯಿರಿ.

ಚಟುವಟಿಕೆ: ಶಾಲೆಯ ಮುಂದೆ ಅರ್ಧ ಗಂಟೆಯಲ್ಲಿ ಸಾಗುವ ವಾಹನಗಳನ್ನು ಎಣಿಸಿ ಪಟ್ಟಿ ಮಾಡಿರಿ. ಕಪ್ಪು ಹೊಗೆ ಬಿಡುವವು ಎಷ್ಟು?