ಹೃದಯರೋಗ: ಅಂಜಿಕೆ ಬೇಡ, ಅಳತೆ ಬೇಕು



ಕಬ್ಬು ಹಸಿರಾಗಿ, ಎತ್ತರವಾಗಿ ಕಂಡ ಮಾತ್ರಕ್ಕೆ ಅದು ಪಕ್ವವಾಗಿದೆ ಎಂದು ತಿಳಿದ ರೈತನು ಹೇಳುವುದಿಲ್ಲ. ರಸ ತೆಗೆದು ಬ್ರಿಕ್ಸ್ ನೋಡಿದ ಮೇಲೆಯೇ ನಿಜ ತಿಳಿಯುತ್ತದೆ. ಆದರೆ ನಮ್ಮ ದೇಹದ ವಿಷಯದಲ್ಲಿ ನಾವು ಈ ನಿಯಮವನ್ನು ಪಾಲಿಸುವುದಿಲ್ಲ. "ನನಗೇನೂ ನೋವಿಲ್ಲ, ಆದ್ದರಿಂದ ರೋಗವಿಲ್ಲ" ಎನ್ನುತ್ತೇವೆ. ಹೃದಯರೋಗದಲ್ಲಿ ಈ ಎಣಿಕೆಯೇ ಜೀವಕ್ಕೆ ಎರವಾಗುತ್ತದೆ.

ಅಂಜಿಕೆ ಬರುತ್ತದೆ, ಹೋಗುತ್ತದೆ

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜಕುಮಾರ್ ಅವರು ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಕನ್ನಡಿಗರೆಲ್ಲ ತಲ್ಲಣಿಸಿದರು. ಅನೇಕರು ಎದೆ ತಪಾಸಣೆಗೆ ಆಸ್ಪತ್ರೆಗಳಿಗೆ ಓಡಿದರು. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗಲೂ ಹೀಗೆಯೇ ಆಯಿತು. ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಸರಕಾರ ನೇಮಿಸಿದ ತಜ್ಞರ ಸಮಿತಿ ಪ್ರಕರಣಗಳನ್ನು ಪರಿಶೀಲಿಸಿತು. ತೀರಿಕೊಂಡವರಲ್ಲಿ ಬಹಳಷ್ಟು ಜನರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂಥ ಹಳೆಯ ಕಾರಣಗಳೇ ಕಂಡುಬಂದವು.

ಇದರಿಂದ ಕಲಿಯಬೇಕಾದುದೇನು? ಸುದ್ದಿ ಕೇಳಿದಾಗ ಅಂಜಿಕೆ ಏರುತ್ತದೆ, ತಿಂಗಳು ಕಳೆದರೆ ಇಳಿಯುತ್ತದೆ. ಅಪಾಯವು ಹಾಗಲ್ಲ. ಅದು ವರ್ಷಗಟ್ಟಲೆ ಸದ್ದಿಲ್ಲದೆ ರಕ್ತನಾಳಗಳಲ್ಲಿ ಬೆಳೆಯುತ್ತಿರುತ್ತದೆ.

ನಮ್ಮಲ್ಲಿರುವ ತಪ್ಪು ತಿಳುವಳಿಕೆಗಳು

1. "ಮೈಮುರಿದು ದುಡಿಯುವವರಿಗೆ ಇದು ಬರುವುದಿಲ್ಲ, ಇದು ಪಟ್ಟಣದವರ ರೋಗ." ಭಾರತವೂ ಸೇರಿ 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅಪಾಯದ ಕಾರಣಗಳು ಪಟ್ಟಣದವರಲ್ಲೇ ಹೆಚ್ಚಿದ್ದರೂ, ಬಡ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳು ಹಳ್ಳಿಗಳಲ್ಲೇ ಹೆಚ್ಚಾಗಿದ್ದವು. ಹಳ್ಳಿಯವನ ರೋಗ ತಡವಾಗಿ ಗೊತ್ತಾಗುತ್ತದೆ, ಔಷಧವೂ ತಡವಾಗಿ ಸಿಗುತ್ತದೆ. ಅಲ್ಲದೆ ಈಗ ಉಳುಮೆ ಟ್ರ್ಯಾಕ್ಟರಿನಿಂದ, ಹೊಲಕ್ಕೆ ಹೋಗುವುದು ಮೋಟಾರ್ ಸೈಕಲ್ಲಿನಿಂದ. ಹಿಂದಿನ ದುಡಿಮೆ ಎಲ್ಲರಲ್ಲೂ ಉಳಿದಿಲ್ಲ.

2. "ಇದು ಮುದುಕರ ರೋಗ." ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೆಯ ವಯಸ್ಸಿಗೆ, ಇತರ ದೇಶದವರಿಗೆ ಸುಮಾರು 59ಕ್ಕೆ ಆಗುತ್ತದೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಅಂದರೆ ಮಕ್ಕಳ ಮದುವೆ, ಸಾಲದ ಕಂತು ಇನ್ನೂ ತೀರದ ವಯಸ್ಸು.

3. "ಬೀಡಿ ಸೇದುವುದಿಲ್ಲ, ತಂಬಾಕು ಮಾತ್ರ ಅಗಿಯುತ್ತೇನೆ." ಅಗಿಯುವ ತಂಬಾಕೂ ಹೃದಯಕ್ಕೆ ಕೇಡೇ. ಮಿಶ್ರಿ ಉಜ್ಜುವ ತಾಯಂದಿರೂ ಇದನ್ನು ಗಮನಿಸಬೇಕು.

4. "ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ಬಾಧೆಯಿಲ್ಲ." ಸಕ್ಕರೆ ಕಾಯಿಲೆ ಇದ್ದವರಿಗೆ ಎರಡೂ ಒಂದೇ. ಕಬ್ಬು ಬೆಳೆಯುವ ನಾವು ಇದನ್ನು ಒಪ್ಪುವುದು ಕಷ್ಟ, ಆದರೂ ಸತ್ಯ.

5. "ಬಿ.ಪಿ. ಇಳಿದಿದೆ, ಇನ್ನು ಗುಳಿಗೆ ಸಾಕು." ಗುಳಿಗೆ ನುಂಗುತ್ತಿರುವುದರಿಂದಲೇ ಅದು ಇಳಿದಿದೆ. ನಿಲ್ಲಿಸಿದರೆ ಮತ್ತೆ ಏರುತ್ತದೆ.

ನರ್ಸಬಾಯಿಯ ಕೆಲಸ ಬರೀ ಸೂಜಿ ಚುಚ್ಚುವುದಲ್ಲ

ದೊಡ್ಡ ಡಾಕ್ಟರರು ಕೊಲ್ಲಾಪುರದಲ್ಲಿರುತ್ತಾರೆ. ಆದರೆ ರೋಗ ಬರುವ ಮೊದಲೇ ನಮ್ಮನ್ನು ನೋಡಬಲ್ಲವರು ಉಪಕೇಂದ್ರದ ನರ್ಸಬಾಯಿ ಹಾಗೂ ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ. 30 ವರ್ಷ ದಾಟಿದ ಪ್ರತಿಯೊಬ್ಬರ ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದುಡಿಮೆ, ಮನೆತನದ ರೋಗಗಳನ್ನು ಆಶಾ ಒಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾಳೆ. ಅಂಕ 4 ದಾಟಿದರೆ ತಪಾಸಣೆಗೆ ಮೊದಲು ಕಳಿಸುತ್ತಾಳೆ. ಆಕೆ ಕೇಳಿದಾಗ ನಾಚಿಕೆಯಿಂದ ಸುಳ್ಳು ಹೇಳಿದರೆ ನಷ್ಟ ನಮಗೇ.

ನರ್ಸಬಾಯಿ ರಕ್ತದೊತ್ತಡ ಅಳೆಯುತ್ತಾಳೆ, ಬೆರಳಿನ ಹನಿ ರಕ್ತದಿಂದ ಸಕ್ಕರೆ ನೋಡುತ್ತಾಳೆ, ಹೆಚ್ಚಿದ್ದರೆ ಡಾಕ್ಟರರ ಬಳಿ ಕಳಿಸುತ್ತಾಳೆ. ಅಷ್ಟಕ್ಕೇ ಮುಗಿಯುವುದಿಲ್ಲ. ಗುಳಿಗೆ ತಪ್ಪಿಸಿದವರನ್ನು ಹುಡುಕಿ ಕೇಳುವುದು, ಉಪ್ಪು ಕಡಿಮೆ ಮಾಡುವ ಬಗೆಯನ್ನು ಅಡುಗೆ ಮಾಡುವವರಿಗೇ ತಿಳಿಸುವುದು ಅವಳ ಕೆಲಸದ ಮುಖ್ಯ ಭಾಗ.

ಇದರ ಫಲವೂ ಕಂಡಿದೆ. ಯುರೋಪಿನ 8 ದೇಶಗಳಲ್ಲಿ ನರ್ಸುಗಳ ಮುಂದಾಳುತನದಲ್ಲಿ ರೋಗಿಯನ್ನೂ ಮನೆಯವರನ್ನೂ ಕೂಡಿಸಿ ತಿಳುವಳಿಕೆ ಕೊಟ್ಟ ಪ್ರಯೋಗದ ವರದಿ 2008ರಲ್ಲಿ ಬಂತು. ಆ ಕುಟುಂಬಗಳ ಆಹಾರ, ನಡಿಗೆ, ರಕ್ತದೊತ್ತಡ ಮೂರೂ ಸುಧಾರಿಸಿದ್ದವು. ನಮ್ಮ ದೇಶದಲ್ಲಿ 2017ರಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ಅಂಬೋಲಿ ಘಾಟಿನ ಆಚೆಯ ನಮ್ಮ ನೆರೆಯ ಸಿಂಧುದುರ್ಗವೂ ಒಂದು. ರೋಗಿಯ ಊರಿನ ಹತ್ತಿರವೇ ಗುಳಿಗೆ ಸಿಗಬೇಕು, ಪ್ರತಿ ಸಲದ ಅಳತೆ ಚೀಟಿಯಲ್ಲಿ ಬರೆದಿರಬೇಕು ಎಂಬುದೇ ಅದರ ಮುಖ್ಯ ಸೂತ್ರ.

ಸಭಾಸದರು ಮಾಡಬೇಕಾದುದು

ನುರಿಸುವ ಹಂಗಾಮು ಸುರುವಾದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ. ಆದುದರಿಂದ ಅದಕ್ಕೂ ಮುಂಚೆಯೇ 30 ದಾಟಿದ ಗಂಡಸರು, ಹೆಂಗಸರು ಇಬ್ಬರೂ ಒಮ್ಮೆ ಉಪಕೇಂದ್ರಕ್ಕೆ ಹೋಗಿ ಬರಬೇಕು. ಅಳೆಯುವ ಮುಂಚೆ 5 ನಿಮಿಷ ಸುಮ್ಮನೆ ಕುಳಿತಿರಿ. ಅರ್ಧ ತಾಸಿನೊಳಗೆ ಚಹಾ, ತಂಬಾಕು ಬೇಡ. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಮತ್ತೆ ಅಳೆಸಿಕೊಂಡು ಡಾಕ್ಟರರನ್ನು ಕಾಣಿರಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಮ್, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಠೇಚಾದ ಉಪ್ಪೂ ಈ ಲೆಕ್ಕದಲ್ಲಿಯೇ ಸೇರಬೇಕು. ನಮ್ಮ ಹೊಲಕ್ಕೆ ಕಬ್ಬು ಕಡಿಯಲು ಬರುವ ಕೂಲಿಕಾರರ ಟೋಳಿಗೂ ತಪಾಸಣೆಯ ದಿನ ತಿಳಿಸಿರಿ.

ಕೂಡಲೇ ಹೊರಡಬೇಕಾದ ವೇಳೆ

ಎದೆಯ ನಡುವೆ ಭಾರ ಅಥವಾ ಹಿಂಡಿದಂತೆ ಆಗುವುದು, ಎಡಗೈ, ದವಡೆ, ಬೆನ್ನಿಗೆ ನೋವು ಹಬ್ಬುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು: ಇವನ್ನು ಪಿತ್ತ, ವಾಯು ಎಂದುಕೊಂಡು ಸೋಡಾ ಕುಡಿದು ಮಲಗಬಾರದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ತಡಮಾಡದೆ 108ಕ್ಕೆ ಫೋನು ಮಾಡಿ ಆಜರಾದ ಗ್ರಾಮೀಣ ರುಗ್ಣಾಲಯವನ್ನೋ ಗಡಹಿಂಗ್ಲಜದ ಉಪಜಿಲ್ಲಾ ರುಗ್ಣಾಲಯವನ್ನೋ ಸೇರಿರಿ. ರೋಗಿಯನ್ನು ನಡೆಸಬೇಡಿ, ಅವನೇ ಗಾಡಿ ಹೊಡೆಯುವುದಂತೂ ಬೇಡ.

ಊರ ನರ್ಸಬಾಯಿ ಮನೆಗೆ ಬಂದಾಗ "ನಾನು ಗಟ್ಟಿಯಿದ್ದೇನೆ, ಮುಂದಿನ ಮನೆಗೆ ಹೋಗಿರಿ" ಎನ್ನದೆ ತೋಳು ಚಾಚಿ ಕುಳಿತುಕೊಳ್ಳಿರಿ. ಎರಡು ನಿಮಿಷದ ಕೆಲಸ. ಆ ಅಂಕಿಯನ್ನು ಬರೆಸಿಕೊಂಡು ಕಬ್ಬಿನ ಬಿಲ್ಲಿನ ಪಾವತಿಯ ಜೊತೆಗೇ ಜೋಪಾನವಾಗಿಡಿರಿ.