ಕಿಚ್ಚನ್ನು ಬೇಡುವ ಹೆಮ್ಮರ

ಕರ್ಮಧಾರಯ ಸಮಾಸಕ್ಕೆ ನಾವು ಕೊಡುವ ಹಳೆಯ ಉದಾಹರಣೆ: ಹಿರಿದು ಮರ, ಹೆಮ್ಮರ. ಆ ಪದಕ್ಕೆ ನಿಜವಾಗಿ ತಕ್ಕ ಮರ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿದೆ; ಸಿಕೋಯಾ ಜಾತಿಯದು, ಹೆಸರು ಜನರಲ್ ಶೆರ್ಮನ್. ಎತ್ತರ ಸುಮಾರು 84 ಮೀಟರ್. ಇದಕ್ಕಿಂತ ಎತ್ತರದ ಮರಗಳುಂಟು. ಆದರೆ ಸುಮಾರು 1,487 ಘನಮೀಟರ್ ಗಾತ್ರದ ಇಂಥ ಒಂಟಿ ಕಾಂಡ ಬೇರೆಲ್ಲಿಯೂ ಇಲ್ಲ. ವಯಸ್ಸು ಎರಡು ಸಾವಿರ ವರ್ಷಗಳಿಗೂ ಮೇಲೆಂದು ಅಂದಾಜು.

ಗಾತ್ರಕ್ಕಿಂತಲೂ ಸೋಜಿಗವೆನಿಸುವುದು ಇದಕ್ಕೂ ಬೆಂಕಿಗೂ ಇರುವ ನಂಟು. ತೊಗಟೆ ಅರ್ಧ ಮೀಟರಿನಷ್ಟು ದಪ್ಪ. ಸಾಧಾರಣ ಕಿಚ್ಚು ಒಳಮರವನ್ನು ಮುಟ್ಟದು. ಕೋಳಿಮೊಟ್ಟೆಯಷ್ಟೇ ಇರುವ ಕಾಯಿಗಳು ವರ್ಷಗಟ್ಟಲೆ ಮುಚ್ಚಿಕೊಂಡಿದ್ದು, ನೆಲಗಿಚ್ಚಿನ ಬಿಸಿಗೆ ಒಣಗಿ ಬಾಯ್ದೆರೆಯುತ್ತವೆ. ತರಗು ಸುಟ್ಟು ಬರಿದಾದ ಮಣ್ಣಿನಲ್ಲಿ ಬೀಜ ಬೇರೂರುತ್ತದೆ.

ಕಳೆದ ಶತಮಾನದಲ್ಲಿ ಅರಣ್ಯಾಧಿಕಾರಿಗಳು ಸಣ್ಣ ಕಿಚ್ಚನ್ನೂ ಬಿಡದೆ ನಂದಿಸಿದರು. ಉದ್ದೇಶ ಒಳ್ಳೆಯದೇ, ಆದರೆ ಸಸಿಗಳು ವಿರಳವಾದವು, ಒಣಸೌದೆ ರಾಶಿಬಿದ್ದಿತು. ಬರವೂ ಕೂಡಿಕೊಂಡು, 2020ರ ಕಾಳ್ಗಿಚ್ಚು ಸಾವಿರಾರು ಹಿರಿಯ ಸಿಕೋಯಾಗಳನ್ನು ಕೊಂದಿತು. ಮರುವರ್ಷ ಬೆಂಕಿ ಸಮೀಪಿಸಿದಾಗ ಶೆರ್ಮನ್ನಿನ ಬುಡಕ್ಕೆ ಅಲ್ಯೂಮಿನಿಯಂ ಹೊದಿಕೆ ಸುತ್ತಿದರು. ಮರ ಉಳಿಯಿತು. ಆ ತೋಪಿನಲ್ಲಿ ದಶಕಗಳಿಂದ ಹದವರಿತು ಕಿಚ್ಚಿಟ್ಟು ತರಗನ್ನು ಸುಡುತ್ತ ಬಂದಿದ್ದುದೂ ಅದಕ್ಕೆ ನೆರವಾಯಿತು.